ಲೆಕ್ಕದ ಪಟ್ಟಿ ಅಚ್ಚಿಗೆ ಹೋಗುವಾಗ

ಮನೆಯಲ್ಲೇ ಕುಳಿತು ಡಿಟಿಪಿ ಮಾಡುತ್ತೇನೆ ಅಂದರೆ, “ಓ, ಟೈಪಿಂಗಾ?” ಎಂದು ಮೂಗೆಳೆಯುವವರು ಈಗಲೂ ಇದ್ದಾರೆ. ಟೈಪಿಂಗನ್ನು ಆದಷ್ಟೂ ಮಾಡದೇ ಇರುವುದೇ ಈ ಕೆಲಸದ ಜಾಣತನ ಕಣ್ರೀ!

ನಮ್ಮ ಸರ್ವಜ್ಞನಗರದ ಕಡೆ, ಅಂದರೆ ಬಾಣಸವಾಡಿ, ಕಮ್ಮನಹಳ್ಳಿ, ಲಿಂಗರಾಜಪುರದ ಸುತ್ತಮುತ್ತ, ಒಂದು ಬೀದಿಗೆ ನಾಲ್ಕು ಭಾಷೆ. (2008ರಲ್ಲಿ ವಿಧಾನಸಭಾ ಕ್ಷೇತ್ರವಾದಾಗ ತ್ರಿಪದಿಯ ಸರ್ವಜ್ಞನ ಹೆಸರು ಬಂತು. ಮರುವರ್ಷ ಅವನ ಪ್ರತಿಮೆ ಚೆನ್ನೈಗೆ ಹೋಯಿತು, ಅಲ್ಲಿಯ ತಿರುವಳ್ಳುವರ್ ನಮ್ಮ ಹಲಸೂರಿಗೆ ಬಂದರು!) ಇಲ್ಲಿ ಮನೆಗೆಲಸದವರು, ಹೊಲಿಗೆಯವರು, ಗಾರ್ಮೆಂಟ್ಸಿಗೆ ಹೋಗುವವರು ಸೇರಿ ನಡೆಸುವ ಉಳಿತಾಯದ ಸಂಘವೊಂದರ ವಾರ್ಷಿಕ ವರದಿ ಪ್ರತಿವರ್ಷ ನನ್ನ ಪಾಲಿಗೆ ಬರುತ್ತದೆ. ಅಧ್ಯಕ್ಷರ ಮಾತನ್ನು ಯಾರು ಓದುತ್ತಾರೋ ಬಿಡುತ್ತಾರೋ, ಹಿಂದಿನ ಪುಟಗಳ ಪಟ್ಟಿಯನ್ನಂತೂ ಎಲ್ಲರೂ ಬೆರಳಿಟ್ಟು ಓದುತ್ತಾರೆ. ಮುನ್ನೂರು ಚಿಲ್ಲರೆ ಹೆಸರು, ಎದುರಿಗೆ ಕಟ್ಟಿದ ಹಣ, ಪಡೆದ ಸಾಲ, ಬಾಕಿ.

ನನಗಿಂತ ಮುಂಚೆ ಮಾಡಿದವರಾರೋ ಅಂಕಿಗಳನ್ನು ಕೈಯಿಂದಲೇ ಒತ್ತುತ್ತಾ ಒಂದು ಸಾಲು ಕೆಳಗೆ ಜಾರಿಸಿಬಿಟ್ಟಿದ್ದರಂತೆ. ಒಬ್ಬಾಕೆಯ ಬಾಕಿ ಇನ್ನೊಬ್ಬಾಕೆಯ ಹೆಸರಿಗೆ! ಅವಳ ಗಂಡ ಸಭೆಗೇ ಬಂದು, “ನಂಗೆ ಗೊತ್ತಿಲ್ದಂಗೆ ಸಾಲ ಮಾಡಿದೀಯಾ?” ಎಂದು ಕೂಗಾಡಿದನಂತೆ. ಲೆಕ್ಕದ ಪುಸ್ತಕ ತೋರಿಸಿದರೂ ನಂಬಲಿಲ್ಲ. ಆಕೆ ಸಂಘವನ್ನೇ ಬಿಟ್ಟಳು.

ಆದ್ದರಿಂದ ಎಕ್ಸೆಲ್‌ನಲ್ಲಿರುವ ಅಂಕಿಯನ್ನು ನಾನು ಮತ್ತೆ ಒತ್ತುವುದೇ ಇಲ್ಲ. ಇನ್‌ಡಿಸೈನ್‌ನ ‘ಪ್ಲೇಸ್’ನಲ್ಲಿ ‘ಶೋ ಇಂಪೋರ್ಟ್ ಆಪ್ಷನ್ಸ್’ಗೆ ಗುರುತು ಹಾಕಿ, ಹಾಳೆಯನ್ನು ‘ಅನ್‌ಫಾರ್ಮ್ಯಾಟೆಡ್ ಟೇಬಲ್’ ಆಗಿ ತರುತ್ತೇನೆ. ಎಕ್ಸೆಲ್‌ನಲ್ಲೇ ಬಣ್ಣ ಬಳಿದು ಗೆರೆ ಎಳೆದರೆ ಸುಲಭವಲ್ಲವೇ ಎಂದು ನಮ್ಮವರು ಕೇಳುತ್ತಾರೆ. ಆ ಅಲಂಕಾರವೆಲ್ಲ ಪುಟಕ್ಕೆ ಬಂದು ಕೂತರೆ ಬಿಡಿಸುವುದಕ್ಕೇ ಒಂದು ದಿನ ಬೇಕು! ಅಲಂಕಾರಕ್ಕೆ ಇನ್‌ಡಿಸೈನ್‌ನಲ್ಲಿ ‘ಟೇಬಲ್ ಸ್ಟೈಲ್’, ‘ಸೆಲ್ ಸ್ಟೈಲ್’ ಇವೆ. ಹೆಸರಿನ ಕಾಲಂ ಎಡಕ್ಕೆ, ದುಡ್ಡಿನ ಕಾಲಂ ಬಲಕ್ಕೆ ಎಂದು ಒಂದು ಸಲ ಹೊಂದಿಸಿಟ್ಟರೆ ಮುಂದಿನ ವರ್ಷಕ್ಕೂ ಅದೇ ಸಾಕು. ಮೊದಲ ಸಾಲನ್ನು ‘ಹೆಡರ್’ ಮಾಡಿದರೆ ತಲೆಬರಹ ಪ್ರತಿ ಪುಟದಲ್ಲೂ ತಾನೇ ಬರುತ್ತದೆ.

ನಿಜವಾದ ಪೀಕಲಾಟ ಕನ್ನಡದ್ದು. ಸಂಘದ ಹಳೆಯ ಕಡತ ನುಡಿಯ ಹಳೇ ಫಾಂಟಿನಲ್ಲಿದೆ. ಫಾಂಟ್ ತಪ್ಪಿದರೆ ಹೆಸರೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಅಕಾರಾದಿಯಾಗಿ ಜೋಡಿಸಿದರೂ ಕ್ರಮ ಎಲ್ಲೆಲ್ಲೋ ಹೋಗುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆಯೇ ಜೋಡಿಸಬೇಕು. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಸ್ಟೈಲಿನ ಕಂಪೋಸರ್ ‘ವರ್ಲ್ಡ್ ರೆಡಿ’ ಆಗಿಲ್ಲದಿದ್ದರೆ ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕದಲ್ಲಿ ಸಾಲಾಗಿ ನಿಲ್ಲುತ್ತವೆ. ಕಂಪ್ಯೂಟರಿನ ರೀಜನ್ ಇಂಡಿಯಾ ಎಂದಿರುವುದನ್ನೂ ನೋಡಿಕೊಳ್ಳಿ. ಇಲ್ಲದಿದ್ದರೆ 1,25,000 ಹೋಗಿ 125,000 ಆಗುತ್ತದೆ. ಲಕ್ಷದಲ್ಲಿ ಎಣಿಸುವ ನಮ್ಮ ಹೆಂಗಸರಿಗೆ ಗಲಿಬಿಲಿ.

ಎಲ್ಲ ಮುಗಿಯಿತು ಅನ್ನುವಾಗ ಖಜಾಂಚಿಯ ಫೋನು: “ಅಕ್ಕಾ, ಮಾರ್ಚ್ ಬಡ್ಡಿ ಸೇರಿಸಿಲ್ಲ, ಹೊಸಾ ಶೀಟ್ ಕಳಿಸಿದೀನಿ.” ಮುಂಚೆಯಾದರೆ ಅಳುವೇ ಬರುತ್ತಿತ್ತು! ಈಗ ಪ್ರಿಫರೆನ್ಸಸ್‌ನ ‘ಕ್ಲಿಪ್‌ಬೋರ್ಡ್ ಹ್ಯಾಂಡ್ಲಿಂಗ್’ನಲ್ಲಿ ‘ಟೆಕ್ಸ್ಟ್ ಓನ್ಲಿ’ ಇಟ್ಟುಕೊಂಡಿದ್ದೇನೆ. ಎಕ್ಸೆಲ್‌ನ ಹೊಸ ಅಂಕಿಗಳನ್ನು ಕಾಪಿ ಮಾಡಿ, ಇಲ್ಲಿ ಅಷ್ಟೇ ಮನೆಗಳನ್ನು ಆಯ್ದು ಪೇಸ್ಟ್ ಮಾಡಿದರೆ ಅಂಕಿ ಮಾತ್ರ ಬದಲಾಗುತ್ತದೆ, ಅಲಂಕಾರ ಹಾಗೇ ಉಳಿಯುತ್ತದೆ. ಮನೆಯನ್ನು ಆಯ್ಕೆ ಮಾಡದೆ ಬರೀ ಕರ್ಸರ್ ಇಟ್ಟಿರೋ, ಇಡೀ ಪಟ್ಟಿ ಒಂದೇ ಮನೆಯೊಳಗೆ ನುಗ್ಗುತ್ತದೆ!

ಇಷ್ಟಾದರೂ ಯಂತ್ರವನ್ನು ನಾನು ಪೂರ್ತಿ ನಂಬುವವಳಲ್ಲ. ಪ್ರತಿ ಕಾಲಂನ ಮೊತ್ತ ಎಕ್ಸೆಲ್‌ನ ಮೊತ್ತಕ್ಕೆ ತಾಳೆಯಾಗಬೇಕು. ಒಂದೇ ಹೆಸರಿನವರು ನಾಲ್ಕಾರು ಮಂದಿ ಇರುವುದರಿಂದ ಪಾಸ್‌ಬುಕ್ ನಂಬರಿನ ಕಾಲಂ ಬೇಕೇ ಬೇಕೆಂದು ಹಟ ಹಿಡಿದೆ. ಪ್ರೂಫನ್ನು ಅವರ ಭಾನುವಾರದ ಸಭೆಗೇ ಒಯ್ದು ಗಟ್ಟಿಯಾಗಿ ಓದುತ್ತೇನೆ; ಒಬ್ಬೊಬ್ಬರೂ ಪಾಸ್‌ಬುಕ್ ತೆರೆದು ಕೂತಿರುತ್ತಾರೆ. ಹೋದ ವರ್ಷ ಓದು ಬಾರದ ಅಜ್ಜಿಯೊಬ್ಬರು ಎದ್ದು ಬಂದು, “ನನ್ನ ಹೆಸ್ರು ಎಲ್ಲೈತೆ ತೋರ್ಸವ್ವಾ” ಅಂದರು. ತೋರಿಸಿದೆ. ಹೆಸರಿನಿಂದ ದುಡ್ಡಿನವರೆಗೆ ಆ ಸಾಲಿನ ಮೇಲೆ ಬೆರಳೆಳೆದುಕೊಂಡು ಹೋಗಿ, “ಸರಿ, ಅಚ್ಚಾಕ್ಸು” ಅಂದರು.