ಹ್ಯಾವ್‌ಲಾಕಿನಲ್ಲಿ ತುಂಬಿದ ಫಾರ್ಮು

"ಅಂಡಮಾನಿಗೆ ಹೋಗಿದ್ರಂತೆ, ಸ್ಕೂಬಾ ಮಾಡಿದ್ರಾ?" ಅಂತ ಕೇಳಿದವರಿಗೆಲ್ಲ ಇಷ್ಟು ದಿನ "ಹೂಂ, ಚೆನ್ನಾಗಿತ್ತು" ಅಂತ ಹೇಳಿ ಜಾರಿಕೊಂಡಿದ್ದೆ. ನಿಜ ಏನಪ್ಪಾ ಅಂದ್ರೆ, ಹೋಗಿದ್ದು ನಾವು ನಾಲ್ವರು, ನೀರಿಗಿಳಿದಿದ್ದು ಮೂವರು. ದಡದಲ್ಲಿ ಉಳಿದವನು ನಾನು.

2024ರ ಜನವರಿ. ಮಗಳಿಗೆ ಕೆಲಸ ಸಿಕ್ಕಿ ಆರು ತಿಂಗಳಾಗಿತ್ತು. "ಅಪ್ಪ, ಈ ಸಲ ಖರ್ಚೆಲ್ಲ ನಂದು, ನೀನು ಲೆಕ್ಕ ಕೇಳಬಾರದು" ಅಂತ ಹೇಳಿ ಚೆನ್ನೈನಿಂದ ಪೋರ್ಟ್ ಬ್ಲೇರಿಗೆ ಟಿಕೆಟ್ ಮಾಡಿಸಿಬಿಟ್ಟಳು. (ಅದೇ ವರ್ಷ ಸೆಪ್ಟೆಂಬರಿನಲ್ಲಿ ಆ ಊರಿನ ಹೆಸರು ಶ್ರೀ ವಿಜಯಪುರಂ ಅಂತ ಆಯ್ತು.) ಅಲ್ಲಿಂದ ಹಡಗಿನಲ್ಲಿ ಹ್ಯಾವ್‌ಲಾಕ್. 2018ರ ಡಿಸೆಂಬರಿನಿಂದ ಅದು ಸ್ವರಾಜ್ ದ್ವೀಪ, ಆದರೆ ಆಟೋದವರ ಬಾಯಲ್ಲಿ ಇನ್ನೂ ಹ್ಯಾವ್‌ಲಾಕೇ. ಸಂಜೆ ಐದೂವರೆಗೆಲ್ಲ ಸೂರ್ಯ ಮುಳುಗಿರ್ತಾನೆ. ಗಡಿಯಾರ ನಮ್ಮ ದೇಶದ್ದು, ಸೂರ್ಯ ಮಾತ್ರ ಬರ್ಮಾ ಕಡೆಯವನು!

ನಾನು ತುಂಗಾ ತೀರದವನು. ಸೊಂಟಕ್ಕೆ ಒಣ ಸೋರೆ ಬುರುಡೆ ಕಟ್ಟಿಕೊಂಡು ಎಂಟನೇ ವಯಸ್ಸಿಗೇ ಈಜು ಕಲಿತವನು. ನನ್ನವಳು ಚಳ್ಳಕೆರೆಯವಳು. ಊರ ಹೆಸರಲ್ಲಿ ಕೆರೆ ಇದ್ದರೂ ಅವಳು ಮೊಣಕಾಲು ಮುಳುಗುವಷ್ಟು ನೀರಿಗೂ ಇಳಿದವಳಲ್ಲ. ಹೊರಡೋ ಮುಂಚೆ ಮೂರು ವಾರ ಅವಳನ್ನು ಗೇಲಿ ಮಾಡಿದ್ದೇ ಮಾಡಿದ್ದು. ಮೊದಲ ಸಲ ಇಳಿಯುವವರಿಗೆ ಈಜು ಬರಲೇಬೇಕು ಅಂತಿಲ್ಲ, ಒಬ್ಬೊಬ್ಬರ ಜೊತೆ ಒಬ್ಬ ತರಬೇತುದಾರ ಇರ್ತಾನೆ ಅಂತ ಗೊತ್ತಾದ ಮೇಲೂ ಬಿಡಲಿಲ್ಲ.

ಡೈವಿಂಗ್ ಅಂಗಡಿಯಲ್ಲಿ ಮೊದಲು ಕೊಟ್ಟಿದ್ದು ಒಂದು ಫಾರ್ಮು. ಆಸ್ತಮಾ ಇದೆಯಾ, ಕಿವಿ ಆಪರೇಷನ್ ಆಗಿದೆಯಾ, ಫಿಟ್ಸ್ ಬಂದಿತ್ತಾ ಅಂತ ಸಾಲುಸಾಲು ಪ್ರಶ್ನೆ. 45 ದಾಟಿದವರಿಗೆ ಇನ್ನೂ ಕೆಲವು: ಸಿಗರೇಟು, ಕೊಲೆಸ್ಟರಾಲ್, ಬಿಪಿ. ನಾನು ಆರು ವರ್ಷದಿಂದ ದಿನಾ ಬೆಳಿಗ್ಗೆ ಬಿಪಿ ಮಾತ್ರೆ ನುಂಗುವವನು. ಪೆನ್ನು ಅಲ್ಲೇ ನಿಂತಿತು. ಮಗಳು ಬಗ್ಗಿ ನೋಡಿ, "ಎಲ್ಲದಕ್ಕೂ ನೋ ಹಾಕಪ್ಪ, ಎಲ್ಲರೂ ಹಾಗೇ ಮಾಡೋದು" ಅಂದಳು.

ಪಾಪ, ಅವಳದು ತಪ್ಪಿಲ್ಲ. ಆದರೆ ಆ ಮಾತು ನನ್ನದೇ.

ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ನಾನು ಬೇರೆ ಶಾಖೆಯಲ್ಲಿದ್ದೆ, ಸಾಲದ ಟೇಬಲ್ಲು. ಸಣ್ಣ ಹೋಟೆಲ್ ಇಟ್ಟಿದ್ದವರೊಬ್ಬರು ಗೃಹಸಾಲಕ್ಕೆ ಬಂದಿದ್ದರು. ಸಾಲದ ಜೊತೆ ಒಂದು ವಿಮೆ, ಅದಕ್ಕೊಂದು ಆರೋಗ್ಯದ ಫಾರ್ಮು. "ಶುಗರ್ ಇದೆ, ಬರೀಬೇಕಾ ಸಾರ್?" ಅಂತ ಕೇಳಿದರು. ಮಾರ್ಚ್ ಕೊನೆ, ತಲೆ ಮೇಲೆ ಟಾರ್ಗೆಟ್. "ಎಲ್ಲದಕ್ಕೂ ನೋ ಹಾಕಿ, ಎಲ್ಲರೂ ಹಾಗೇ ಮಾಡೋದು" ಅಂದೆ. ಎರಡನೇ ವರ್ಷಕ್ಕೇ ಅವರು ತೀರಿಕೊಂಡರು. ಕಾಯಿಲೆ ಮುಚ್ಚಿಟ್ಟಿದ್ದರು ಅಂತ ಕ್ಲೇಮು ತಿರಸ್ಕಾರ ಆಯ್ತು. ಅವರ ಹೆಂಡತಿ ಆ ಕಾಗದ ಹಿಡಿದು ನನ್ನ ಟೇಬಲ್ಲಿಗೇ ಬಂದರು. "ನಮ್ಮ ಯಜಮಾನರು ಸುಳ್ಳು ಹೇಳೋರಲ್ಲ ಸಾರ್, ನೀವೇ ಏನಾದರೂ ದಾರಿ ತೋರಿಸಿ" ಅಂದರು. ಯಾರು ಹೇಳಿ ಬರೆಸಿದ್ದು ಅಂತ ಆಕೆಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಒಂದು ಮೇಲ್ಮನವಿ ಬರೆದುಕೊಟ್ಟೆ, ಅದೂ ನಡೀಲಿಲ್ಲ. ಅಷ್ಟರಲ್ಲಿ ನನಗೆ ವರ್ಗಾವಣೆ ಆಯ್ತು.

ಹ್ಯಾವ್‌ಲಾಕಿನ ಆ ಫಾರ್ಮಿನಲ್ಲಿ 'ಯೆಸ್' ಅಂತ ಗುರುತು ಹಾಕಿದೆ. ತರಬೇತುದಾರ ಹುಡುಗ ನೋಡಿ, "ಅಂಕಲ್, ಡಾಕ್ಟರ ಚೀಟಿ ಇಲ್ಲದೆ ಆಗೋಲ್ಲ" ಅಂತ ಹಿಂದಿಯಲ್ಲಿ ಹೇಳಿದ. ಮಗಳ ಮುಖ ಸಪ್ಪಗಾಯ್ತು. ನನ್ನವಳು ಮಾತ್ರ ನನ್ನನ್ನೇ ಒಂದು ಸಲ ನೋಡಿದಳು.

ಸೊಂಟದ ನೀರಿನಲ್ಲಿ ಪಾಠ ಶುರುವಾಯ್ತು. ಬಾಯಲ್ಲೇ ಉಸಿರಾಡಬೇಕು, ಉಸಿರು ಕಟ್ಟಿ ಹಿಡೀಲೇಬಾರದು. ಕೆಳಗಿಳಿದ ಹಾಗೆ ಮೂಗು ಒತ್ತಿ ಹಿಡಿದು ಮೆಲ್ಲಗೆ ಊದಿ ಕಿವಿಯ ಒತ್ತಡ ಸರಿ ಮಾಡ್ಕೋಬೇಕು. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಹೆಬ್ಬೆರಳು ಎತ್ತಿದರೆ 'ಸೂಪರ್' ಅಂತಲ್ಲ, 'ಮೇಲೆ ಹೋಗೋಣ' ಅಂತ! ನನ್ನವಳು ಖುಷಿಗೆ ಎರಡು ಸಲ ಹೆಬ್ಬೆರಳು ಎತ್ತಿ, ಎರಡು ಸಲವೂ ಅವನು ಅವಳನ್ನು ಮೇಲಕ್ಕೆತ್ತಿದ. ಮೂರನೇ ಸಲ ಬೆರಳು ದುಂಡಗೆ ಮಾಡಿ ಓಕೆ ತೋರಿಸಿ ಮುಳುಗಿದಳು.

ನಾನು ಮರದ ಕೆಳಗೆ ನಾಲ್ಕು ಜೊತೆ ಚಪ್ಪಲಿ ಕಾಯ್ತಾ ಕೂತೆ. ದೂರದಲ್ಲಿ ನೀರಿನ ಮೇಲೆ ಗುಳ್ಳೆ. ಮೂವತ್ತು ನಿಮಿಷ ಅಂದಿದ್ದರು, ಗಡಿಯಾರ ನೋಡಿದ್ದು ಮೂವತ್ತು ಸಲ ಇರಬೇಕು. ಈಜು ಬಾರದವಳು ಒಳಗೆ, ಬರುವವನು ದಡದಲ್ಲಿ.

ಹೊರಬಂದವಳೇ, "ರೀ, ಹೂವಿನ ಥರ ಏನೋ ಅಲ್ಲಾಡ್ತಿತ್ತು, ಅದರೊಳಗೆ ಕಿತ್ತಳೆ ಬಣ್ಣದ ಮೀನು ಸಂಸಾರ ಮಾಡ್ತಿದ್ವು ಕಣ್ರೀ! ನನ್ನ ಕೆಂಪು ನೇಲ್ ಪಾಲಿಶ್ ಅಲ್ಲಿ ಕಂದು ಬಣ್ಣ ಕಾಣ್ತಿತ್ತು" ಅಂದಳು. ನೀರು ಮೊದಲು ನುಂಗೋದು ಕೆಂಪು ಬಣ್ಣವನ್ನೇ ಅಂತ ತರಬೇತುದಾರ ಹೇಳಿದ.

ಸಂಜೆ ರಾಧಾನಗರ ಬೀಚಿನಲ್ಲಿ, ಮಕ್ಕಳು ಅತ್ತ ಹೋದಾಗ, ಹೋಟೆಲಿನವರ ಕತೆ ಅವಳಿಗೆ ಹೇಳಿದೆ. ಇಷ್ಟು ವರ್ಷ ಹೇಳಿರಲಿಲ್ಲ. ಅವಳು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. "ಆಯಮ್ಮ ಈಗ ಎಲ್ಲಿದಾರೆ?" ಅಂತ ಒಂದೇ ಕೇಳಿದಳು. ಗೊತ್ತಿಲ್ಲ ಅಂದೆ.

ಚೆನ್ನೈಗೆ ಬಂದ ಮೇಲೆ ಡಾಕ್ಟರನ್ನು ಕೇಳಿದೆ. ನೀರಿನಲ್ಲಿ ಮುಳುಗಿದಾಗ ಕೈಕಾಲಿನ ರಕ್ತ ಎದೆಯ ಕಡೆ ಸರಿಯುತ್ತೆ, ಹೃದಯಕ್ಕೆ ಭಾರ ಜಾಸ್ತಿ, ಬಿಪಿ ಇದ್ದವರಿಗೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ಅಪಾಯ ಹೆಚ್ಚು ಅಂದರು. ನೀವೂ ಹೋಗೋದಾದ್ರೆ ಮೊದಲೇ ತೋರಿಸಿ ಚೀಟಿ ತಗೊಂಡು ಹೋಗಿ. ಡೈವ್ ಆದ ಮೇಲೆ 18 ಗಂಟೆಯಾದರೂ ಬಿಟ್ಟು ವಿಮಾನ ಹತ್ತಿ.

ಹಳೆ ಶಾಖೆಗೂ ಫೋನ್ ಮಾಡಿದೆ. ಮನೆ ಮಾರಿ ಸಾಲ ತೀರಿಸಿ ಆಕೆ ತವರಿಗೆ ಹೋದರಂತೆ, ಯಾವ ಊರೋ ಯಾರಿಗೂ ನೆನಪಿಲ್ಲ.

ಈಗ ಅಂಥ ಫಾರ್ಮು ಬಂದರೆ ಒಂದೊಂದೇ ಪ್ರಶ್ನೆ ಜೋರಾಗಿ ಓದಿ ಹೇಳ್ತೀನಿ. ಕ್ಯೂ ಉದ್ದ ಆಗುತ್ತೆ. ಹಿಂದೆ ನಿಂತವರು ಗೊಣಗ್ತಾರೆ. ಗೊಣಗಲಿ ಬಿಡಿ.