ಅವ್ವ ಕಂಡ ‘ಎರಡು ಕನಸು’

1974ರಲ್ಲಿ ತೆರೆಕಂಡ ‘ಎರಡು ಕನಸು’ ಚಿತ್ರವನ್ನು ನನ್ನ ವಾರಿಗೆಯವರು ಇಂದಿಗೂ ಮರೆತಿಲ್ಲ. ವಾಣಿಯವರ ಕಾದಂಬರಿ, ದೊರೈ–ಭಗವಾನ್ ನಿರ್ದೇಶನ, ರಾಜನ್–ನಾಗೇಂದ್ರರ ಸಂಗೀತ. ಮರಾಠಿ, ಹಿಂದಿ ಹಾಡುಗಳೇ ಹೆಚ್ಚಾಗಿ ಮೊಳಗುತ್ತಿದ್ದ ನಮ್ಮ ಕೊಕಟನೂರಿನ ಮದುವೆಯ ಹಂದರಗಳಲ್ಲಿ ಪಿ.ಬಿ. ಶ್ರೀನಿವಾಸ್ ಮತ್ತು ಎಸ್. ಜಾನಕಿಯವರ ಯುಗಳಗೀತೆ ಬಹುಕಾಲ ಕೇಳಿಬರುತ್ತಿತ್ತು.

ಕಥೆಯನ್ನು ನೀವೂ ಬಲ್ಲಿರಿ. ರಾಮಚಂದ್ರ (ರಾಜಕುಮಾರ್) ಪ್ರೀತಿಸಿದ ಲಲಿತೆ (ಮಂಜುಳಾ) ಮನೆತನಗಳ ವೈಮನಸ್ಸಿನಿಂದ ದೂರವಾಗುತ್ತಾಳೆ. ಹಿರಿಯರ ಒತ್ತಾಯಕ್ಕೆ ಅವನು ಕೈಹಿಡಿದ ಗೌರಿ (ಕಲ್ಪನಾ) ಗಂಡನ ಒಲವಿಗಾಗಿ ಮೌನವಾಗಿ ಕಾಯುತ್ತಾಳೆ.

ಅಥಣಿಯಲ್ಲಿ ಈ ಚಿತ್ರ ನೋಡಿದಾಗ ತರುಣರಾದ ನಾವೆಲ್ಲ ಅಗಲಿದ ಪ್ರೇಮಿಗಳಿಗಾಗಿ ಮರುಗಿದೆವು. ಜೊತೆಗೆ ಬಂದಿದ್ದ ಅವ್ವ ಮಾತ್ರ ಗೌರಿಗಾಗಿ ಕಣ್ಣೀರಿಟ್ಟಳು. ಏಕೆಂದು ಮರಳುವ ದಾರಿಯಲ್ಲಿ ಕೇಳಿದೆ.

“ಅವರಿಬ್ಬರೂ ಕೂಡಿ ಹಾಡಿದ್ರು, ತಮ್ಮಾ. ಆಕಿ ಒಬ್ಬಾಕೀನ ದೇವರ ಮುಂದ ಹಾಡಬೇಕಾತು” ಎಂದಳು.

ಜಾನಕಿಯವರು ಒಬ್ಬರೇ ಹಾಡಿರುವ ಆ ಪೂಜೆಯ ಗೀತೆಯನ್ನು ನಾನು ಅದುವರೆಗೆ ಭಕ್ತಿಗೀತೆಯೆಂದಷ್ಟೇ ತಿಳಿದಿದ್ದೆ. ದೇವರ ಹೆಸರೂ ಗಂಡನ ಹೆಸರೂ ರಾಮನೇ ಎಂಬುದು ಅವ್ವನಿಗೆ ಯಾರೂ ಹೇಳದೆಯೇ ತಿಳಿದಿತ್ತು.

ಅವ್ವ ಹನ್ನೆರಡರ ವಯಸ್ಸಿನಲ್ಲಿ ಕೊಕಟನೂರಿಗೆ ಸೊಸೆಯಾಗಿ ಬಂದವಳು. ಅಪ್ಪ ಮಿತಭಾಷಿ. ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತು ಅವಳೂ ಒಬ್ಬಳೇ ಹಾಡುತ್ತಿದ್ದಳು.