ಹಿನ್ನೀರಿನಡಿಯ ಸಮಾಧಿಗಳು

ಬೇಸಿಗೆಯಲ್ಲಿ ತುಂಗಭದ್ರೆಯ ಹಿನ್ನೀರು ಸರಿದಾಗ ತಂದೆಯವರು ನನ್ನನ್ನು ಹಗರಿಬೊಮ್ಮನಹಳ್ಳಿ ಸೀಮೆಯ ಬಿರಿದ ನೆಲದ ಮೇಲೆ ನಡೆಸಿಕೊಂಡು ಹೋಗಿ, “ನಿಮ್ಮಜ್ಜಿಯ ಸಮಾಧಿ ಇಲ್ಲಿತ್ತು” ಎಂದು ತೋರಿಸುತ್ತಿದ್ದರು. 1953ರಲ್ಲಿ ಜಲಾಶಯದಲ್ಲಿ ನೀರು ನಿಂತಿತು. ಬದುಕಿದ್ದವರು ಹೊಸ ಊರಿಗೆ ಹೋದರು. ಮಣ್ಣಾದವರು ಕುಳಿತಲ್ಲಿಯೇ ಉಳಿದರು. ನಾವು ಮಲಗಿಸುವವರಲ್ಲವಷ್ಟೆ!

ಅಂಗೈಯಲ್ಲಿ ಇಷ್ಟಲಿಂಗವಿರಿಸಿ ಕುಳ್ಳಿರಿಸಿ ಮಣ್ಣು ಮಾಡುವ ನಮಗೆ ಸ್ಥಳವೇ ದಾಖಲೆ. ಗುರುಗಳ ಗದ್ದುಗೆಗಳಿಗೆ ಗುಡಿಯುಂಟು. ಕೊಟ್ಟೂರಿನ ಗುರುಬಸವೇಶ್ವರರ ಹೆಸರನ್ನು ಹಸುಗೂಸೂ ಬಲ್ಲದು. ಹೊಲದ ಬದುವಿನಲ್ಲಿರುವ ಸಾಮಾನ್ಯರಿಗಾದರೋ ಒಂದು ಕಲ್ಲು, ಹೆಚ್ಚೆಂದರೆ ಒಂದು ಪತ್ರಿಗಿಡ. ಹೊಲ ಮಾರಾಟವಾದರೆ ಅದೂ ಟ್ರಾಕ್ಟರಿನ ಪಾಲು. ಸರಕಾರದ ಮರಣ ನೋಂದಣಿ ಸತ್ತ ದಿನವನ್ನು ಹೇಳೀತು, ಹೂಳಿದ ಬದುವನ್ನು ಹೇಳದು. ಆ ಕಡತವನ್ನಾದರೂ ಹುಡುಕೋಣವೆಂದರೆ, ಹರಪನಹಳ್ಳಿಯೊಂದೇ 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು.

ಮಠದಲ್ಲಿದ್ದು ಓಲೆಗರಿ ಓದಲು ಕಲಿತ ನಾನು, ತಂದೆಯವರ ಬಾಯಿಮಾತನ್ನು ಬರೆದುಕೊಳ್ಳಲಿಲ್ಲ. ಅವರು ಲಿಂಗೈಕ್ಯರಾದ ಮೇಲೆ ಕೂಡ್ಲಿಗಿ, ಹಡಗಲಿಯ ಬಂಧುಗಳನ್ನು ಕೇಳಿ ಕೇಳಿ ಒಂದು ನೋಟುಬುಕ್ಕಿನಲ್ಲಿ ಹದಿನೇಳು ಹೆಸರುಗಳನ್ನು ಕೂಡಿಸಿದ್ದೇನೆ. ಏಳಕ್ಕೆ ಮಾತ್ರ ಸ್ಥಳ ದೊರೆತಿದೆ. ನಿಮ್ಮ ಮನೆಯ ಹಿರಿಯರು ಇನ್ನೂ ಇದ್ದರೆ, ಇದನ್ನು ಓದಿ ಮುಗಿಸುವ ಮೊದಲೇ ಕೇಳಿರಿ.

ಕಳೆದ ಬೇಸಿಗೆಯಲ್ಲಿ ಮೊಮ್ಮಗನಿಗೆ ಆ ನೆಲ ತೋರಿಸಿದೆ. “ಅಜ್ಜಾ, ಸರಿಯಾಗಿ ಎಲ್ಲಿ?” ಎಂದ. ಕೈಯೆತ್ತಿ ತೋರಿಸಿದೆ, ನಾಲ್ಕು ಹೆಜ್ಜೆ ಅತ್ತಲೋ ಇತ್ತಲೋ.